48 ಗಂಟೆ ಮಾತನಾಡಿದವರು ಯಾರು? ಮಂಗಳೂರು, ಡಿಸೆಂಬರ್ 2019

ಪೌರತ್ವ ತಿದ್ದುಪಡಿ ಮಸೂದೆಗೆ 2019ರ ಡಿಸೆಂಬರ್ 9ರಂದು ಲೋಕಸಭೆಯೂ 11ರಂದು ರಾಜ್ಯಸಭೆಯೂ ಒಪ್ಪಿಗೆ ನೀಡಿ, ಮರುದಿನ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ದೇಶದ ಹಲವು ನಗರಗಳಲ್ಲಿ ಪ್ರತಿಭಟನೆಗಳು ಶುರುವಾದವು. ಡಿಸೆಂಬರ್ 19ರ ಗುರುವಾರ ಮಂಗಳೂರಿನಲ್ಲಿ ನಿಷೇಧಾಜ್ಞೆ ಜಾರಿಯಲ್ಲಿತ್ತು. ಅದನ್ನು ಮೀರಿ ಸ್ಟೇಟ್ ಬ್ಯಾಂಕ್ ಎಂಬ ಪ್ರದೇಶದ ಸುತ್ತಮುತ್ತ ಸೇರಿದ ಜನರನ್ನು ಪೊಲೀಸರು ಲಾಠಿ ಬೀಸಿ ಚದುರಿಸಿದರು. ಗಲಾಟೆ ಬಂದರು ಪ್ರದೇಶದ ಓಣಿಗಳಿಗೆ ಹಬ್ಬಿತು. ಕಲ್ಲು ತೂರಾಟ, ಅಶ್ರುವಾಯು, ಕೊನೆಗೆ ಗೋಲಿಬಾರ್. ಇಬ್ಬರು ಸತ್ತರು. ಹಲವು ಪೊಲೀಸರೂ ಹಲವು ನಾಗರಿಕರೂ ಗಾಯಗೊಂಡರು. ಸಂಜೆಯ ಹೊತ್ತಿಗೆ ಕರ್ಫ್ಯೂ ಬಂತು. ರಾತ್ರಿ ರಾಜ್ಯ ಗೃಹ ಇಲಾಖೆಯ ಆದೇಶದಂತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 48 ಗಂಟೆಗಳ ಕಾಲ ಮೊಬೈಲ್ ಇಂಟರ್ನೆಟ್ ಸ್ಥಗಿತಗೊಂಡಿತು.

ಗುಂಡು ಹಾರಿಸಿದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆಯ ಬಗ್ಗೆ ತನಿಖೆಗಳು, ಅರ್ಜಿಗಳು, ವಾದ ಪ್ರತಿವಾದಗಳು ಬೇಕಾದಷ್ಟು ನಡೆದಿವೆ. ಈ ಅಧ್ಯಯನ ಹಿಡಿದಿರುವುದು ಅದರ ಪಕ್ಕದಲ್ಲೇ ಇದ್ದರೂ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಎಳೆಯನ್ನು: ಒಂದು ಊರಿನಲ್ಲಿ ಇಬ್ಬರ ಪ್ರಾಣ ಹೋದ ಮರುಗಳಿಗೆಯಿಂದ ಎರಡು ದಿನಗಳವರೆಗೆ, ಏನಾಯಿತು ಎಂದು ಹೇಳುವ ಅಧಿಕಾರ ಯಾರ ಬಳಿ ಉಳಿಯಿತು, ಯಾರಿಂದ ಕೈತಪ್ಪಿತು, ಮತ್ತು ಅದರಲ್ಲಿ ತಂತ್ರಜ್ಞಾನದ ಪಾತ್ರವೇನು ಎಂಬುದನ್ನು. ಮೊಬೈಲ್ ಡೇಟಾ, ಟೀವಿ ಕ್ಯಾಮೆರಾ, ಸಿಸಿಟಿವಿ ಈ ಮೂರೂ ಆ ವಾರ ಮಂಗಳೂರಿನಲ್ಲಿ ಒಂದರ ಹಿಂದೊಂದು ಬಂದು ನಿಂತವು. ಮೂರನ್ನೂ ಬೇರೆಬೇರೆಯಾಗಿ ನೋಡಿದರೆ ಕಥೆ ಹಿಡಿತಕ್ಕೆ ಸಿಗುವುದಿಲ್ಲ.

ಆದೇಶ ಮತ್ತು ಅದರ ಹೊತ್ತು

ಇಂಟರ್ನೆಟ್ ನಿಲ್ಲಿಸುವ ಅಧಿಕಾರ ಆಗ ಬರುತ್ತಿದ್ದುದು 1885ರ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 5(2)ರಿಂದ, ಮತ್ತು ಅದರಡಿ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ದೂರಸಂಪರ್ಕ ಸೇವೆಗಳ ತಾತ್ಕಾಲಿಕ ಸ್ಥಗಿತ ನಿಯಮಗಳಿಂದ. ಅದಕ್ಕೂ ಮೊದಲು ಜಿಲ್ಲಾ ದಂಡಾಧಿಕಾರಿಗಳು ಸಿಆರ್‌ಪಿಸಿಯ ಸೆಕ್ಷನ್ 144ನ್ನೇ (ನಿಷೇಧಾಜ್ಞೆ ಹೊರಡಿಸುವ ಅಧಿಕಾರ ಕೊಡುವ ಕಲಂ) ಈ ಕೆಲಸಕ್ಕೆ ಬಳಸುತ್ತಿದ್ದರು. ಹೊಸ ನಿಯಮಗಳ ಪ್ರಕಾರ ರಾಜ್ಯದಲ್ಲಿ ಇಂತಹ ಆದೇಶ ಹೊರಡಿಸಬೇಕಾದವರು ಗೃಹ ಕಾರ್ಯದರ್ಶಿ, ಆದೇಶದಲ್ಲಿ ಕಾರಣಗಳಿರಬೇಕು, ಅದನ್ನು ಪೊಲೀಸ್ ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮೂಲಕ ದೂರಸಂಪರ್ಕ ಕಂಪನಿಗಳ ನೋಡಲ್ ಅಧಿಕಾರಿಗಳಿಗೆ (ಇಂತಹ ಆದೇಶ ಸ್ವೀಕರಿಸಲು ನೇಮಿತರಾದವರಿಗೆ) ತಲುಪಿಸಬೇಕು, ಪರಿಶೀಲನಾ ಸಮಿತಿಯೊಂದು ಐದು ಕೆಲಸದ ದಿನಗಳೊಳಗೆ ಸೇರಿ ಆದೇಶ ನಿಯಮಬದ್ಧವೇ ಎಂದು ನೋಡಬೇಕು. ರಾಜ್ಯಗಳಲ್ಲಿ ಆ ಸಮಿತಿಯ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ. ಉಳಿದವರು ಕಾನೂನು ಇಲಾಖೆಯ ಕಾರ್ಯದರ್ಶಿ ಮತ್ತು ಗೃಹ ಕಾರ್ಯದರ್ಶಿಯನ್ನು ಬಿಟ್ಟು ಸರ್ಕಾರದ ಇನ್ನೊಬ್ಬ ಕಾರ್ಯದರ್ಶಿ. ನ್ಯಾಯಾಧೀಶರಿಲ್ಲ, ಶಾಸಕರಿಲ್ಲ, ಹೊರಗಿನವರು ಯಾರೂ ಇಲ್ಲ.

48 ಗಂಟೆಯ ಆದೇಶವೊಂದನ್ನು ಐದು ಕೆಲಸದ ದಿನಗಳೊಳಗೆ ಪರಿಶೀಲಿಸಿದರೆ ಸಾಕು ಎಂಬಲ್ಲಿಯೇ ನಿಯಮದ ಸ್ವಭಾವ ಗೊತ್ತಾಗುತ್ತದೆ. ಗುರುವಾರ ರಾತ್ರಿ ಹೊರಟ ಆದೇಶ ಶನಿವಾರ ರಾತ್ರಿಗೆ ಮುಗಿಯುತ್ತದೆ. ಸಮಿತಿ ಮುಂದಿನ ವಾರ ಸೇರಿ, ಆದೇಶ ತಪ್ಪೆಂದು ತೀರ್ಮಾನಿಸಿದರೂ ಹಿಂದಕ್ಕೆ ಪಡೆಯಲು ಏನೂ ಉಳಿದಿರುವುದಿಲ್ಲ. ಅಲ್ಪಾವಧಿಯ ಸ್ಥಗಿತಗಳು ಹೀಗೆ ಯಾವ ಪರಿಶೀಲನೆಗೂ ಸಿಗದೆ ಜಾರಿಹೋಗುತ್ತವೆ.

ಸರ್ಕಾರ ಕೊಟ್ಟ ಕಾರಣ ಎಲ್ಲರಿಗೂ ಗೊತ್ತಿರುವುದೇ: ಸಾಮಾಜಿಕ ಜಾಲತಾಣಗಳ ಮೂಲಕ ಸುಳ್ಳು ಸುದ್ದಿ ಹಬ್ಬಿ ಶಾಂತಿ ಕದಡಬಹುದು. ಇದನ್ನು ಬರೀ ನೆಪವೆಂದು ತಳ್ಳಿಹಾಕಿದರೆ ಪ್ರಾಮಾಣಿಕವಾಗುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ಎಂಜಿನಿಯರ್ ಬಲಿಯಾಗಿದ್ದರು. ಕರಾವಳಿಯಂತೂ ಕೋಮು ಗಲಭೆಗೆ ಹೊಸದಲ್ಲ. ಮರುದಿನ ಶುಕ್ರವಾರದ ನಮಾಜ್ ಇತ್ತು, ಇಬ್ಬರ ಅಂತ್ಯಸಂಸ್ಕಾರ ಬಾಕಿಯಿತ್ತು. ಅಂತಹ ರಾತ್ರಿಯಲ್ಲಿ ಯಾವ ಅಧಿಕಾರಿಯಾದರೂ ಹೆದರುವುದು ಸಹಜ.

ಆದರೂ ಆದೇಶದ ಹೊತ್ತನ್ನು ಗಮನಿಸಬೇಕು. ಗುಂಡು ಹಾರಿದ್ದು ಸಂಜೆ. ಕರ್ಫ್ಯೂ ಆಗಲೇ ಜಾರಿಗೆ ಬಂದಿತ್ತು. ಇಂಟರ್ನೆಟ್ ನಿಂತದ್ದು ರಾತ್ರಿ, ರಸ್ತೆಗಳು ಖಾಲಿಯಾದ ಮೇಲೆ. ಜನ ಸೇರುವುದನ್ನು ತಡೆಯುವ ಕೆಲಸವನ್ನು ಕರ್ಫ್ಯೂ ಮಾಡುತ್ತಿತ್ತು. ಮನೆಯೊಳಗೆ ಕೂತ ಜನರ ಕೈಯಲ್ಲಿದ್ದ ಫೋನುಗಳಲ್ಲಿ ಆ ಹೊತ್ತಿಗೆ ಇದ್ದದ್ದು ಮುಖ್ಯವಾಗಿ ಹಗಲಿನ ದೃಶ್ಯಗಳು. ವದಂತಿಯನ್ನು ತಡೆಯುವ ಉದ್ದೇಶದ ಕ್ರಮ ಸಾಕ್ಷ್ಯವನ್ನೂ ತಡೆಯಿತು. ಎರಡೂ ಹರಿಯುವುದು ಒಂದೇ ಕೊಳವೆಯಲ್ಲಿ. ಕೊಳವೆಯ ಬಾಯಿ ಮುಚ್ಚುವವನಿಗೆ ಇದು ತಿಳಿಯದ್ದಲ್ಲ.

ಇದಕ್ಕಿಂತ ಸಣ್ಣ ಕ್ರಮಗಳು ನಮ್ಮ ರಾಜ್ಯದ ನೆನಪಿನಲ್ಲೇ ಇದ್ದವು. 2012ರ ಆಗಸ್ಟ್‌ನಲ್ಲಿ ಬೆದರಿಕೆಯ ಸಂದೇಶಗಳಿಂದ ಭಯಗೊಂಡು ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳನ್ನು ನಿರ್ಬಂಧಿಸಿ, ದಿನಕ್ಕೆ ಐದು ಸಂದೇಶಗಳ ಮಿತಿ ಹಾಕಿತ್ತು. 2018ರಲ್ಲಿ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಕಟ್ಟಿಹಾಕಿತು. ಐದೆಂಬ ಅಂಕಿಯಲ್ಲಿ ಅದೇನು ಪವಾಡವೋ ತಿಳಿಯದು. ಆದರೆ ಎರಡೂ ಸಂದರ್ಭಗಳಲ್ಲಿ ವೇಗಕ್ಕೆ ಕಡಿವಾಣ ಬಿದ್ದಿತೇ ಹೊರತು ಬಾಯಿಗೆ ಬೀಗ ಬಿದ್ದಿರಲಿಲ್ಲ. 2019ರ ಹೊತ್ತಿಗೆ ಸ್ವಿಚ್ ಒತ್ತುವುದು ಆಡಳಿತಕ್ಕೆ ಎಷ್ಟು ರೂಢಿಯಾಗಿತ್ತೆಂದರೆ, ಅದೇ ಡಿಸೆಂಬರ್ 19ರಂದು ರಾಜಧಾನಿ ದೆಹಲಿಯ ಕೆಲವು ಭಾಗಗಳಲ್ಲೂ ಮೊಬೈಲ್ ಸೇವೆ ನಿಂತಿತ್ತು. ಕಾಶ್ಮೀರದಲ್ಲಿ ಇಂಟರ್ನೆಟ್ ಆಗಸ್ಟ್‌ನಿಂದಲೇ ನಿಂತಿತ್ತು. ವಿಪರ್ಯಾಸವೆಂದರೆ ಅದೇ 19ರಂದೇ ಗುವಾಹಟಿ ಹೈಕೋರ್ಟ್, ಅಸ್ಸಾಂನಲ್ಲಿ ನಿಂತಿದ್ದ ಮೊಬೈಲ್ ಇಂಟರ್ನೆಟ್ಟನ್ನು ಮರಳಿ ಕೊಡುವಂತೆ ಆದೇಶಿಸಿತು. ಒಂದು ಕಡೆ ನ್ಯಾಯಾಲಯ ತೆರೆಸುತ್ತಿದ್ದ ಬಾಗಿಲನ್ನು ಇನ್ನೊಂದು ಕಡೆ ಗೃಹ ಇಲಾಖೆ ಮುಚ್ಚುತ್ತಿತ್ತು.

ಹೆಜಮಾಡಿಯ ಆಚೆ, ತಲಪಾಡಿಯ ಆಚೆ

ಸ್ಥಗಿತದ ಗಡಿ ಜಿಲ್ಲೆಯ ಗಡಿಯೇ ಆಗಿತ್ತು. ಉತ್ತರಕ್ಕೆ ಮೂಲ್ಕಿ ದಾಟಿ ಹೆಜಮಾಡಿ ತಲುಪಿದರೆ ಉಡುಪಿ ಜಿಲ್ಲೆ; ದಕ್ಷಿಣಕ್ಕೆ ತಲಪಾಡಿ ದಾಟಿದರೆ ಕೇರಳ. ಎರಡೂ ಕಡೆ ಡೇಟಾ ಎಂದಿನಂತೆ ಓಡುತ್ತಿತ್ತು. ಹೀಗಾಗಿ ಬಂದರಿನಲ್ಲಿ ಏನಾಯಿತೆಂಬ ಸುದ್ದಿ ಮಣಿಪಾಲದಲ್ಲಿ, ಕಾಸರಗೋಡಿನಲ್ಲಿ, ದುಬೈಯಲ್ಲಿ, ದಮ್ಮಾಮಿನಲ್ಲಿ ಇದ್ದವರಿಗೆ ಬೆರಳ ತುದಿಯಲ್ಲಿ ಸಿಗುತ್ತಿತ್ತು. ಮಂಗಳೂರಿನ ಹಂಪನಕಟ್ಟೆಯಲ್ಲಿ ಮನೆಯೊಳಗೆ ಕೂತವನಿಗೆ ಸಿಗುತ್ತಿರಲಿಲ್ಲ. ಮನೆಗೊಬ್ಬರಂತೆ ಕೊಲ್ಲಿ ರಾಷ್ಟ್ರಗಳಿಗೆ ಹೋಗಿರುವ ಊರಿಗೆ ಇದು ಸಣ್ಣ ಸಂಗತಿಯಲ್ಲ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ಅವಕಾಶವಿಲ್ಲದ ಕಾರಣ ಅಲ್ಲಿನವರು ಊರಿಗೆ ಮಾತನಾಡಲು ಬೋಟಿಮ್‌ನಂತಹ ಆ್ಯಪ್‌ಗಳನ್ನು ನಂಬಿಕೊಂಡಿರುತ್ತಾರೆ. ಈ ಕಡೆ ಡೇಟಾ ಇಲ್ಲದಿದ್ದರೆ ಅವೂ ಸತ್ತಂತೆ. ಉಳಿಯುವುದು ದುಬಾರಿಯ ಸಾಮಾನ್ಯ ಕರೆ. ನಿಮ್ಮ ಬೀದಿಯಲ್ಲಿ ಹೀಗಾಯಿತಂತೆ ಎಂದು ಸಮುದ್ರದಾಚೆಯಿಂದ ಕೇಳಿ ತಿಳಿಯುವ ಸ್ಥಿತಿಯಲ್ಲಿ, ವದಂತಿಯನ್ನು ಪರೀಕ್ಷಿಸಲು ಊರಿನವನ ಬಳಿ ಯಾವ ಸಾಧನವಿರುತ್ತದೆ? ಫೋನ್ ಕರೆಯಲ್ಲಿ ಹಬ್ಬುವ ಸುಳ್ಳಿಗೆ ವಿಡಿಯೊ ಇಲ್ಲ, ದಿನಾಂಕವಿಲ್ಲ, ಅಲ್ಲಗಳೆಯುವ ಇನ್ನೊಂದು ಕೊಂಡಿಯೂ ಇಲ್ಲ.

ಸ್ಥಗಿತ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನಿಂತದ್ದು ಮೊಬೈಲ್ ಡೇಟಾ. ಮನೆಗೆ ಕೇಬಲ್ ಎಳೆಸಿಕೊಂಡ ಬ್ರಾಡ್‌ಬ್ಯಾಂಡ್ ಇದ್ದವರು, ಲೀಸ್ಡ್ ಲೈನ್ (ಬಾಡಿಗೆಯ ಪ್ರತ್ಯೇಕ ಸಂಪರ್ಕ) ಇರುವ ಕಚೇರಿಗಳು ಇಂತಹ ಸಂದರ್ಭದಲ್ಲಿ ಹೇಗೋ ದಾಟಿಕೊಳ್ಳುತ್ತವೆ. ಬಂದರಿನ ಕೂಲಿಯವನಿಗೆ, ಹಾಸ್ಟೆಲಿನ ವಿದ್ಯಾರ್ಥಿಗೆ, ರಿಕ್ಷಾ ಚಾಲಕನಿಗೆ ಮೊಬೈಲೇ ಇಂಟರ್ನೆಟ್. ಆ ವರ್ಷದ ಅಕ್ಟೋಬರ್‌ನಲ್ಲಿ ದೇಶದ ಯುಪಿಐ ವಹಿವಾಟು ಮೊದಲ ಬಾರಿಗೆ ತಿಂಗಳಿಗೆ 100 ಕೋಟಿ ದಾಟಿತ್ತು. ಅಂಗಡಿಯವನ ಕೈಯಲ್ಲಿ ಚಿಲ್ಲರೆ ಇಟ್ಟುಕೊಳ್ಳುವ ಅಭ್ಯಾಸ ತಪ್ಪುತ್ತಿದ್ದ ಕಾಲ ಅದು. ಕ್ರಿಸ್ಮಸ್‌ಗೆ ವಾರವೂ ಇರಲಿಲ್ಲ. ವ್ಯಾಪಾರದ ನಷ್ಟ ಕರ್ಫ್ಯೂವಿನಿಂದ ಎಷ್ಟು, ಇಂಟರ್ನೆಟ್ ಇಲ್ಲದ್ದರಿಂದ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ, ಆದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಪತ್ರಿಕಾ ವೃತ್ತಿಯ ಮೇಲೆ ಬಿದ್ದ ಪೆಟ್ಟು ಇನ್ನೂ ಸೂಕ್ಷ್ಮವಾದದ್ದು. ದೊಡ್ಡ ಪತ್ರಿಕೆಗಳಿಗೂ ಟೀವಿ ವಾಹಿನಿಗಳಿಗೂ ಸ್ವಂತ ಕಚೇರಿ, ಸ್ವಂತ ಸಂಪರ್ಕ, ಉಪಗ್ರಹದ ಮೂಲಕ ನೇರಪ್ರಸಾರ ಮಾಡುವ ವಾಹನಗಳಿರುತ್ತವೆ. ಮಣಿಪಾಲದಲ್ಲಿ ಮುದ್ರಣವಾಗುವ ‘ಉದಯವಾಣಿ’ಯಂತಹ ಪತ್ರಿಕೆಗೆ ಮುದ್ರಣಾಲಯವೇ ಸ್ಥಗಿತದ ಗಡಿಯಾಚೆ. ಆದರೆ ಬೀದಿಯಲ್ಲಿ ನಿಂತು ಫೋನಿನಲ್ಲೇ ಚಿತ್ರ ತೆಗೆದು, ಫೋನಿನಲ್ಲೇ ವರದಿ ಬರೆದು ಕಳಿಸುವ ಬಿಡಿ ವರದಿಗಾರನಿಗೂ ಸಣ್ಣ ಜಾಲತಾಣಗಳಿಗೂ ದಾರಿ ಮುಚ್ಚಿತು. ಓದುಗರ ಕಡೆಯೂ ಅಷ್ಟೇ: ಟೀವಿ ಇತ್ತು, ಆಕಾಶವಾಣಿ ಇತ್ತು, ಬೆಳಗಿನ ಪತ್ರಿಕೆ ಕರ್ಫ್ಯೂವಿನ ನಡುವೆ ತಲುಪಿದರೆ ಅದಿತ್ತು. ಮೇಲಿನಿಂದ ಕೆಳಗೆ ಬರುವ ಮಾಧ್ಯಮಗಳೆಲ್ಲ ನಡೆಯುತ್ತಿದ್ದವು, ಕೆಳಗಿನಿಂದ ಮೇಲಕ್ಕೆ ಹೋಗುವುದೊಂದು ನಿಂತಿತ್ತು. ಪೊಲೀಸ್ ಕಮಿಷನರ್ ಅವರ ಪತ್ರಿಕಾಗೋಷ್ಠಿ, ಗೃಹ ಸಚಿವರ ಹೇಳಿಕೆ, ವಿರೋಧ ಪಕ್ಷದ ನಾಯಕರ ಟೀಕೆ ಎಲ್ಲವೂ ಮನೆಮನೆಗೆ ಬಂದವು. ಓಣಿಯ ಮೇಲಿನ ಮಹಡಿಯ ಕಿಟಕಿಯಿಂದ ನೋಡಿದವನ ಮಾತು ಅವನ ಫೋನಿನಲ್ಲೇ ಉಳಿಯಿತು.

ವೆನ್ಲಾಕ್ ಆಸ್ಪತ್ರೆಯ ಎದುರು

ಡಿಸೆಂಬರ್ 20ರ ಬೆಳಿಗ್ಗೆ ಮೃತರ ಮರಣೋತ್ತರ ಪರೀಕ್ಷೆಯ ಸುದ್ದಿಗಾಗಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಬಳಿ ಮಲಯಾಳ ಸುದ್ದಿವಾಹಿನಿಗಳ ವರದಿಗಾರರೂ ಕ್ಯಾಮೆರಾದವರೂ ಸೇರಿದ್ದರು. ಪೊಲೀಸರು ಅವರ ಗುರುತಿನ ಚೀಟಿಗಳನ್ನು ಪ್ರಶ್ನಿಸಿ ವಶಕ್ಕೆ ಪಡೆದರು. ಹಲವು ಗಂಟೆ ಇರಿಸಿಕೊಂಡು ಆ ಮೇಲೆ ತಲಪಾಡಿ ಗಡಿಗೆ ಕೊಂಡೊಯ್ದು ಬಿಟ್ಟರು. ಅವರು ಕೇರಳದಲ್ಲಿ ಪ್ರತಿದಿನ ತೆರೆಯ ಮೇಲೆ ಕಾಣುವ ವಾಹಿನಿಗಳ ನೌಕರರು. ಕೇರಳದ ಮುಖ್ಯಮಂತ್ರಿ ಮಧ್ಯಪ್ರವೇಶಿಸುವವರೆಗೆ ವಿಷಯ ಹೋಯಿತು. ಆ ವರದಿಗಾರರು ಇನ್ನೂ ಪೊಲೀಸರ ವಶದಲ್ಲಿರುವಾಗಲೇ ಕೆಲವು ಕನ್ನಡ ಸುದ್ದಿವಾಹಿನಿಗಳಲ್ಲಿ ಕೇರಳದಿಂದ ‘ನಕಲಿ ಪತ್ರಕರ್ತರು’ ಬಂದಿದ್ದಾರೆಂಬ ಸುದ್ದಿ ಓಡಿತು.

ಈ ಪ್ರಕರಣದಲ್ಲಿ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಘಳಿಗೆ ಇದು. ಸುಳ್ಳು ಸುದ್ದಿ ಹಬ್ಬದಿರಲೆಂದು ಲಕ್ಷಾಂತರ ಜನರ ಫೋನುಗಳನ್ನು ಮೂಕಗೊಳಿಸಿದ್ದ ದಿನವೇ, ಪರವಾನಗಿ ಇರುವ, ಸ್ಟುಡಿಯೊ ಇರುವ ವಾಹಿನಿಗಳಿಂದ ಸುಳ್ಳು ಹಬ್ಬಿತು. ಅದನ್ನು ಅಲ್ಲಗಳೆಯಲು ಒಂದು ಹುಡುಕಾಟ ಸಾಕಿತ್ತು: ಆ ವರದಿಗಾರನ ಹೆಸರು ಹಾಕಿದರೆ ಅವನ ಹಳೆಯ ವರದಿಗಳು ಬರುತ್ತಿದ್ದವು. ಮಂಗಳೂರಿನ ನೋಡುಗನಿಗೆ ಆ ಹೊತ್ತು ಆ ಹುಡುಕಾಟ ಸಾಧ್ಯವಿರಲಿಲ್ಲ. ತಲಪಾಡಿಯಿಂದ ಆಚೆಗಿದ್ದವರಿಗೆ ಸಾಧ್ಯವಿತ್ತು, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ವದಂತಿಯೆಂದರೆ ಜನಸಾಮಾನ್ಯರು ಹುಟ್ಟಿಸುವುದು, ಅಧಿಕೃತ ಮೂಲವೆಂದರೆ ಸತ್ಯ ಎಂಬ ಎಣಿಕೆಯ ಮೇಲೆ ಸ್ಥಗಿತದ ಇಡೀ ತರ್ಕ ನಿಂತಿದೆ. ಆ ಎಣಿಕೆ ಮೊದಲ ದಿನವೇ ಮುರಿದುಬಿತ್ತು.

ಮಲಯಾಳ ವಾಹಿನಿಗಳನ್ನೇ ಏಕೆ ತಡೆದರು ಎಂಬುದಕ್ಕೆ ಭಾಷೆಯ ಕಾರಣವೂ ಇರಬಹುದೆಂದು ನನ್ನ ಅಂದಾಜು. ಮಂಗಳೂರು ಸೀಮೆಯಲ್ಲಿ ಮಲಯಾಳ ಮತ್ತು ಬ್ಯಾರಿ ಬಲ್ಲ ದೊಡ್ಡ ಸಮುದಾಯವಿದೆ. ಅವರ ಮನೆಗಳಲ್ಲಿ ಮಲಯಾಳ ವಾಹಿನಿಗಳು ನಡೆಯುತ್ತವೆ. ಬೆಂಗಳೂರಿನ ಸ್ಟುಡಿಯೊಗಳ ಹಿಡಿತಕ್ಕೆ ಸಿಗದ, ಕರ್ನಾಟಕದ ರಾಜಕೀಯಕ್ಕೆ ಹಂಗಿಲ್ಲದ ಇನ್ನೊಂದು ಕ್ಯಾಮೆರಾ ಶವಾಗಾರದ ಬಾಗಿಲಲ್ಲಿ ನಿಂತಿತ್ತು. ಇಂಟರ್ನೆಟ್ಟಿಗೆ ಆದೇಶದ ಗಡಿಯಿತ್ತು, ಉಪಗ್ರಹ ಪ್ರಸಾರಕ್ಕೆ ಅಂತಹ ಗಡಿಯಿಲ್ಲ. ಅದನ್ನು ತಡೆಯಬೇಕೆಂದರೆ ಕ್ಯಾಮೆರಾ ಹಿಡಿದ ಮನುಷ್ಯನನ್ನೇ ತಡೆಯಬೇಕಾಗುತ್ತದೆ.

ದೃಶ್ಯಗಳ ಸ್ಪರ್ಧೆ

ಶನಿವಾರ ರಾತ್ರಿ ಇಂಟರ್ನೆಟ್ ಮರಳಿತು. ಅದರೊಂದಿಗೆ ವಾದದ ರೂಪವೇ ಬದಲಾಯಿತು. ನಗರದ ಒಂದು ಖಾಸಗಿ ಆಸ್ಪತ್ರೆಯ ಒಳಗೆ ಪೊಲೀಸರು ಓಡಾಡಿ ಬಾಗಿಲುಗಳನ್ನು ಒದೆಯುವ ಸಿಸಿಟಿವಿ ದೃಶ್ಯ ಆ ದಿನಗಳಲ್ಲಿ ದೇಶದಾದ್ಯಂತ ಹರಿದಾಡಿತು. ಡಿಸೆಂಬರ್ 23ರಂದು ಪೊಲೀಸರು ತಮ್ಮ ಕಡೆಯ ಸಿಸಿಟಿವಿ ದೃಶ್ಯಗಳನ್ನು ಬಿಡುಗಡೆ ಮಾಡಿದರು: ಗೂಡ್ಸ್ ವಾಹನದಲ್ಲಿ ಬಂದ ಕಲ್ಲುಗಳು, ಮುಖ ಮುಚ್ಚಿಕೊಂಡ ಯುವಕರು, ಕ್ಯಾಮೆರಾವನ್ನೇ ಬೇರೆಡೆಗೆ ತಿರುಗಿಸುವ ಕೈ. ಆ ಕೊನೆಯ ದೃಶ್ಯ ಸ್ವಾರಸ್ಯಕರವಾದದ್ದು, ಏಕೆಂದರೆ ದಾಖಲೆಯನ್ನು ತಡೆಯುವ ಬಯಕೆ ಒಂದೇ ಪಕ್ಷದ ಸ್ವತ್ತಲ್ಲ ಎಂಬುದಕ್ಕೆ ಅದು ಪುರಾವೆ. ಎರಡು ದಿನಗಳ ನಂತರ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು, ಮೃತರ ಕುಟುಂಬಗಳಿಗೆ ತಾವೇ ಘೋಷಿಸಿದ್ದ ತಲಾ 10 ಲಕ್ಷ ರೂಪಾಯಿ ಪರಿಹಾರವನ್ನು ತನಿಖೆ ಮುಗಿಯುವವರೆಗೆ ತಡೆಹಿಡಿದರು. ವಿಡಿಯೊ ಒಂದು ಆಡಳಿತದ ನಿರ್ಧಾರವನ್ನು ಹೀಗೆ ನೇರವಾಗಿ ತಿರುಗಿಸಿದ್ದು ಅಪರೂಪ. 2020ರ ಜನವರಿಯಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು 35 ತುಣುಕುಗಳ ಇನ್ನೊಂದು ಕಂತನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿ ಪೊಲೀಸರನ್ನು ಪ್ರಶ್ನಿಸಿದರು. ಸರ್ಕಾರ ಸಿಐಡಿ ತನಿಖೆಗೂ, ಆಗ ಉಡುಪಿ ಜಿಲ್ಲಾಧಿಕಾರಿಯಾಗಿದ್ದ ಜಿ. ಜಗದೀಶ ಅವರಿಂದ ಮ್ಯಾಜಿಸ್ಟೀರಿಯಲ್ ತನಿಖೆಗೂ ಆದೇಶಿಸಿತ್ತು.

ಎಲ್ಲರ ಬಳಿಯೂ ವಿಡಿಯೊ ಇದ್ದಾಗ ತೂಕ ಬೀಳುವುದು ಯಾವ ನಿಮಿಷವನ್ನು ತೋರಿಸುತ್ತಾರೆ ಎಂಬುದರ ಮೇಲೆ. ಗುಂಡಿಗೆ ಮುಂಚಿನ ಕಲ್ಲು ಒಬ್ಬರ ಚೌಕಟ್ಟಿನಲ್ಲಿದೆ, ಕಲ್ಲಿಗೆ ಮುಂಚಿನ ಲಾಠಿ ಇನ್ನೊಬ್ಬರ ಚೌಕಟ್ಟಿನಲ್ಲಿ. ಸಿಸಿಟಿವಿಯ ಕಚ್ಚಾ ದೃಶ್ಯ ಪೂರ್ತಿಯಾಗಿ ಪೊಲೀಸರ ವಶದಲ್ಲಿರುತ್ತದೆ, ನಾಗರಿಕನದು ಚೂರುಚೂರು. ಹಾಗಾಗಿ ಕತ್ತರಿಸುವ ಅಧಿಕಾರ ಸಹಜವಾಗಿ ಒಂದೇ ಕಡೆ ವಾಲುತ್ತದೆ.

ಈ ವಾಲುವಿಕೆಯನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಿದ್ದು ಕರ್ನಾಟಕ ಹೈಕೋರ್ಟ್. 2020ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರು 20ಕ್ಕೂ ಹೆಚ್ಚು ಆರೋಪಿಗಳಿಗೆ ಜಾಮೀನು ನೀಡಿದ ಆದೇಶದಲ್ಲಿ ದೃಶ್ಯಗಳನ್ನೇ ಎದುರಿಗಿಟ್ಟುಕೊಂಡು ಮಾತನಾಡಿದರು. ಅರ್ಜಿದಾರರು ಒದಗಿಸಿದ ಚಿತ್ರಗಳಲ್ಲಿ ಪೊಲೀಸರೇ ಜನರತ್ತ ಕಲ್ಲೆಸೆಯುತ್ತಿರುವುದು ಕಾಣುತ್ತದೆ ಎಂದರು. ಗುಂಡಿಗೆ ಬಲಿಯಾದವರನ್ನೇ ಕೊಲೆಯತ್ನದ ಆರೋಪಿಗಳನ್ನಾಗಿ ಎಫ್‌ಐಆರ್‌ನಲ್ಲಿ ಸೇರಿಸಿದ್ದನ್ನು ಎತ್ತಿ ತೋರಿಸಿದರು. ತನಿಖೆ ಪಕ್ಷಪಾತದಿಂದ ಕೂಡಿದಂತೆ ಕಾಣುತ್ತದೆ ಎಂದರು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಆದೇಶಕ್ಕೆ ತಡೆ ನೀಡಿತು, ಸೆಪ್ಟೆಂಬರ್‌ನಲ್ಲಿ ಷರತ್ತುಗಳೊಂದಿಗೆ ಆರೋಪಿಗಳಿಗೆ ಜಾಮೀನು ಕೊಟ್ಟಿತು. ಜಾಮೀನು ಆದೇಶ ಅಂತಿಮ ತೀರ್ಪಲ್ಲ. ಅದರ ಮಾತನ್ನು ಅದಕ್ಕಿಂತ ದೊಡ್ಡದು ಮಾಡಬಾರದು. ಆದರೆ ಡಿಸೆಂಬರ್ 19ರಂದು ಹೊರಬರಲಾರದೆ ಉಳಿದ ನಾಗರಿಕರ ದೃಶ್ಯಗಳಿಗೆ ಮೊದಲ ಬಾರಿಗೆ ಸರ್ಕಾರದ ದೃಶ್ಯಗಳಷ್ಟೇ ಎತ್ತರದ ಪೀಠ ಸಿಕ್ಕಿದ್ದು ಅಲ್ಲಿ, ಎರಡು ತಿಂಗಳು ತಡವಾಗಿ. ಆ ಎರಡು ತಿಂಗಳು ಆರೋಪಿಗಳು ಜೈಲಿನಲ್ಲಿದ್ದರು. ಸೆಪ್ಟೆಂಬರ್‌ವರೆಗಿನ ಲೆಕ್ಕ ಹಿಡಿದರೆ ಒಂಬತ್ತು ತಿಂಗಳು.

ಆಮೇಲಿನ ಕಾನೂನು

2020ರ ಜನವರಿ 10ರಂದು ಕಾಶ್ಮೀರಕ್ಕೆ ಸಂಬಂಧಿಸಿದ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಟರ್ನೆಟ್ ಮೂಲಕ ಮಾತನಾಡುವುದಕ್ಕೂ ವೃತ್ತಿ ನಡೆಸುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆಯಿದೆ, ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು, ಆದೇಶಗಳನ್ನು ಪ್ರಕಟಿಸಬೇಕು, ಕ್ರಮವು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು ಎಂದಿತು. ಮಂಗಳೂರಿನ ಆದೇಶಕ್ಕಿಂತ ಮೂರು ವಾರ ತಡವಾಗಿ ಬಂದ ಈ ತೀರ್ಪು ಮೊದಲೇ ಬಂದಿದ್ದರೂ 48 ಗಂಟೆಯ ಸ್ಥಗಿತ ಸುಲಭವಾಗಿ ತೂರಿಹೋಗುತ್ತಿತ್ತೆಂದೇ ನನ್ನ ಅನಿಸಿಕೆ, ಏಕೆಂದರೆ ಅದಕ್ಕೆ ಅವಧಿಯಿತ್ತು, ಪ್ರದೇಶದ ಮಿತಿಯಿತ್ತು, ಕಾರಣವೂ ಬರೆದಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್, ಬೆಂಗಳೂರಿನಲ್ಲಿ ಡಿಸೆಂಬರ್ 18ರಂದು ಹೊರಡಿಸಿದ್ದ ನಿಷೇಧಾಜ್ಞೆ ಕಾನೂನುಬಾಹಿರವೆಂದು ಹೇಳಿತು: ಆದೇಶ ಹೊರಡಿಸಿದ ಅಧಿಕಾರಿ ಸ್ವತಃ ವಿವೇಚಿಸಿ ಕಾರಣ ದಾಖಲಿಸಿರಲಿಲ್ಲ. ಕಾಲುಗಳನ್ನು ಕಟ್ಟುವ ಆದೇಶವನ್ನು ಹೀಗೆ ಸಾಲುಸಾಲಾಗಿ ಓದಿ ನೋಡುವ ನ್ಯಾಯಾಂಗದ ಶಿಸ್ತು ಮಾತನ್ನು ಕಟ್ಟುವ ಆದೇಶದ ಮಟ್ಟಿಗೆ ಇನ್ನೂ ಬೆಳೆಯಬೇಕಿತ್ತು.

2020ರ ನವೆಂಬರ್‌ನ ಸ್ಥಗಿತ ನಿಯಮಗಳ ತಿದ್ದುಪಡಿ ಒಂದು ಆದೇಶಕ್ಕೆ ಗರಿಷ್ಠ 15 ದಿನಗಳ ಮಿತಿ ಹಾಕಿತು. 2021ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸಂವಹನ ಮತ್ತು ಮಾಹಿತಿ ತಂತ್ರಜ್ಞಾನ ಸ್ಥಾಯಿ ಸಮಿತಿ ಮಂಡಿಸಿದ ವರದಿ ಒಂದು ವಿಚಿತ್ರವನ್ನು ಬೆಳಕಿಗೆ ತಂದಿತು: ದೇಶದಲ್ಲಿ ಎಲ್ಲೆಲ್ಲಿ, ಎಷ್ಟು ಬಾರಿ ಇಂಟರ್ನೆಟ್ ನಿಂತಿದೆ ಎಂಬ ದಾಖಲೆಯನ್ನು ದೂರಸಂಪರ್ಕ ಇಲಾಖೆಯೂ ಇಟ್ಟಿಲ್ಲ, ಗೃಹ ಸಚಿವಾಲಯವೂ ಇಟ್ಟಿಲ್ಲ. ಸ್ಥಗಿತದಿಂದ ಗಲಭೆ ತಗ್ಗುತ್ತದೆಯೇ ಎಂಬ ಅಧ್ಯಯನ ನಡೆಯಲಿ ಎಂದು ಸಮಿತಿ ಶಿಫಾರಸು ಮಾಡಿತು. ಅಂದರೆ ಮಂಗಳೂರಿನ ಸ್ಥಗಿತದಿಂದ ಲಾಭವಾಯಿತೆಂದು ಹೇಳುವ ಅಧಿಕಾರಿಯ ಬಳಿಯೂ ಅದನ್ನು ಅಳೆಯುವ ಕೋಲಿರಲಿಲ್ಲ.

2023ರ ದೂರಸಂಪರ್ಕ ಕಾಯ್ದೆ 1885ರ ಕಾಯ್ದೆಯ ಜಾಗಕ್ಕೆ ಬಂದಿದೆ. ಅದರಡಿ 2024ರ ನವೆಂಬರ್‌ನಲ್ಲಿ ಸ್ಥಗಿತದ ಹೊಸ ನಿಯಮಗಳು ಬಂದಿವೆ. ಆದೇಶವನ್ನು ಪ್ರಕಟಿಸಬೇಕೆಂಬುದು ಈಗ ನಿಯಮದಲ್ಲೇ ಇದೆ, 15 ದಿನಗಳ ಮಿತಿಯೂ ಇದೆ. ಪರಿಶೀಲನಾ ಸಮಿತಿಯಲ್ಲಿ ಕೂರುವವರು ಮಾತ್ರ ಈಗಲೂ ಮುಖ್ಯ ಕಾರ್ಯದರ್ಶಿ ಮತ್ತು ಅವರ ಸಹ ಕಾರ್ಯದರ್ಶಿಗಳೇ, ಮತ್ತು ಎರಡು ದಿನಗಳ ಆದೇಶವೊಂದು ಅವರ ಮೇಜಿಗೆ ಬರುವ ಹೊತ್ತಿಗೆ ಅದರ ಅವಧಿ ಈಗಲೂ ಮುಗಿದಿರಬಹುದು.